ಕಡೆಯ ಪಂಕ್ತಿ

ಹಲ್ಲುನೋವು ಎಂದು ಹೇಳಿಯಾಗಿತ್ತು. ಇನ್ನು ಯಾವ ಹಲ್ಲು ಎಂದು ನಿರ್ಧರಿಸುವುದೊಂದೇ ಬಾಕಿ. ಹೊನ್ನಾವರದಿಂದ ಕುಮಟಾಕ್ಕೆ ಹೊರಟ ಬಸ್ಸಿನಲ್ಲಿ ಖಾಲಿ ಸೀಟುಗಳು ಬೇಕಾದಷ್ಟಿದ್ದರೂ ಮಂಜ ಬಂದು ರಾಮನ ಪಕ್ಕದಲ್ಲೇ ಕೂತಿದ್ದ. ವಿದ್ಯುತ್ ಕಚೇರಿಯಲ್ಲಿ ರಾಮ ಸೆಕ್ಷನ್ ಆಫೀಸರ್, ಮಂಜ ಅವನ ಕೈಕೆಳಗಿನ ಲೈನ್‌ಮನ್. ಸಾಹೇಬರು ಸ್ಕೂಟರ್ ಬಿಟ್ಟು ಬಸ್ಸು ಹತ್ತಿದ್ದು ಕಣ್ಣಿಗೆ ಬಿದ್ದ ಮೇಲೆ ಕಾರಣ ಕೇಳದೆ ಬಿಡುವ ಪೈಕಿ ಅವನಲ್ಲ.

“ಮೇಲಿಂದೋ ಕೆಳಗಿಂದೋ ಸಾರ್?”

“ಕೆಳಗಿಂದು.”

“ಎಡಕ್ಕೋ?”

“ಹೂಂ, ಎಡಕ್ಕೇ.”

“ದವಡೆ ಹಲ್ಲು ಅದು. ಕೀಳಿಸ್ಬಿಡಿ. ಇಟ್ಕಂಡ್ರೆ ಸುಮ್ನೆ ಸತಾಯಿಸ್ತದೆ. ಮನೇಲಿ ಅಮ್ಮೋರು ಇದ್ದಿದ್ರೆ ಲವಂಗ ಗಿವಂಗ ಅರೆದು...” ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡು, ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಹಳದೀಪುರ ಬರುವವರೆಗೂ ತುಟಿ ಬಿಚ್ಚಲಿಲ್ಲ. ಇಳಿಯುವಾಗ ಮಾತ್ರ, “ಬಿಸಿ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಸಾರ್,” ಎಂದು ತೀರಾ ಮೆಲ್ಲಗೆ, ಸೂತಕದ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿ ಹೋದ.

ಅವನು ಇಳಿದ ಮೇಲೂ ರಾಮನ ನಾಲಿಗೆ ಎಡದ ದವಡೆಯ ಕಡೆಗೇ ಹೋಗುತ್ತಿತ್ತು. ಗಟ್ಟಿಮುಟ್ಟಾದ ಹಲ್ಲು, ಈ ವಯಸ್ಸಿಗೂ ಕಬ್ಬು ಸಿಗಿಯುವಂಥದ್ದು; ಸುಳ್ಳು ಹೇಳಿದ್ದಕ್ಕೋ ಏನೋ ಸಣ್ಣಗೆ ಜುಮುಗುಟ್ಟತೊಡಗಿತ್ತು. ಕುಮಟಾದಲ್ಲಿ ಅವನು ಹೋಗುವ ಕಟ್ಟಡದ ಕೆಳಗೆ ಹಲ್ಲಿನ ಡಾಕ್ಟರ ಬೋರ್ಡು ಇರುವುದು ನಿಜ, ಅವನು ಹೋಗುವುದು ಮಾತ್ರ ಮಹಡಿಯ ಕೌನ್ಸೆಲರ್ ಹತ್ತಿರ. ಹೊನ್ನಾವರದ ಆಸ್ಪತ್ರೆಗೂ ಕೌನ್ಸೆಲಿಂಗಿನವರು ಬರುತ್ತಾರೆ. ಆದರೆ ಹೊನ್ನಾವರದಲ್ಲಿ ಕರೆಂಟು ಹೋಗದ ಮನೆಯಿಲ್ಲ, ಕರೆಂಟು ಹೋದಾಗ ರಾಮನಿಗೆ ಫೋನು ಮಾಡಿ ಬೈಯದ ಮನುಷ್ಯನಿಲ್ಲ. ಹೆಂಡತಿ ಸತ್ತದ್ದಕ್ಕೆ ಮನೆಯಲ್ಲೇ ಕೂತು ಅತ್ತರೆ ಸಾಲದೇ, ಅದಕ್ಕೂ ಒಬ್ಬರನ್ನು ಇಟ್ಟುಕೊಂಡು ಬಸ್ಸು ಹತ್ತಬೇಕೇ ಎಂದು ಜನ ಕೇಳಿಯಾರು. ಕುಮಟಾದಲ್ಲಿ ಔಷಧದಂಗಡಿ ನಡೆಸುವ ಮಗಳು ಅರ್ಚಿತಾ ಇದನ್ನೆಲ್ಲ ಗೊತ್ತುಮಾಡಿದವಳು. “ಅಪ್ಪಯ್ಯಾ, ನೀನು ರಾತ್ರಿ ನಿದ್ದೆ ಮಾಡ್ತಾ ಇಲ್ಲೆ, ಗೋಡೆ ನೋಡ್ಕಂಡು ಕೂತ್ಕತ್ತೆ, ಇದು ಸರಿಯಿಲ್ಲೆ,” ಎಂದು ಗದರಿ ಮೊದಲ ಸಲ ಮೆಟ್ಟಿಲವರೆಗೂ ಬಂದಿದ್ದಳು. ಮಗಳ ಕಣ್ಣಿನಲ್ಲಿ ಅವನು ಹೆಂಡತಿಯ ನೆನಪಿನಲ್ಲಿ ಸೊರಗಿದ ಗಂಡ. ಆ ಗೌರವವನ್ನು ಬೇಡ ಎನ್ನುವ ಧೈರ್ಯ ಅವನಿಗಿರಲಿಲ್ಲ. ಬರಬರುತ್ತ ಅವನೂ ಅದನ್ನು ನಂಬಿದ್ದ, ಹೋದ ಗುರುವಾರದವರೆಗೆ.

ಹೋದ ಗುರುವಾರ ಕೌನ್ಸೆಲರ್ ಸುಚಿತಾ, ಮಗಳಿಗಿಂತಲೂ ಚಿಕ್ಕವಳು, ಕೊಂಕಣಿ ಮನೆಯವಳು, ಮಾತಿನ ಕೊನೆಯನ್ನು ಸ್ವಲ್ಪ ಎಳೆದು ಹೇಳುವವಳು, ಬಲು ಸಲೀಸಾಗಿ ಒಂದು ಪ್ರಶ್ನೆ ಕೇಳಿದ್ದಳು: “ಸರ್, ಮೇಡಂಗೆ ತಿನ್ನೂಕೆ ಎಂತ ಇಷ್ಟ ಇತ್ತು?” ಅವನು ಒಂದು ಕ್ಷಣವೂ ಯೋಚಿಸದೆ, “ಹಲಸಿನಹಣ್ಣಿನ ಕಡುಬು,” ಎಂದಿದ್ದ. ಇಷ್ಟು ಬೇಗ ಉತ್ತರ ಹೊಳೆದದ್ದಕ್ಕೆ ಅವನಿಗೆ ಸಂತೋಷವೂ ಆಗಿತ್ತು. ಹಾಗಾದರೆ ಈ ವಾರ ಅದನ್ನು ಮಾಡಿಯೋ ಮಾಡಿಸಿಯೋ, ಅವರನ್ನು ನೆನೆಯುತ್ತ ನಿಧಾನವಾಗಿ ತಿನ್ನಿ, ಹೇಗನಿಸಿತೆಂದು ಮುಂದಿನ ವಾರ ಹೇಳಿ ಎಂದು ಅವಳು ಕಳಿಸಿದ್ದಳು. ಕಡುಬು ಕಟ್ಟುವುದು ಹೇಗೆಂದು ಕೇಳಲು ಮಗಳಿಗೆ ಫೋನು ಮಾಡಿ ವಿಷಯ ಹೇಳಿದ.

“ಅಪ್ಪಯ್ಯಾ, ಅಮ್ಮಂಗೆ ಹಲಸಿನಹಣ್ಣು ಮೈಗೆ ಆಗ್ತಿತ್ತಿಲ್ಲೆ. ಕುತ್ತಿಗೆ ತುಂಬ ಗುಳ್ಳೆ ಬತ್ತಿತ್ತು. ನಿಂಗೆ ಗೊತ್ತಿಲ್ಯಾ?”

“ಅದು ಬೆವರುಸಾಲೆ.”

“ಬೆವರುಸಾಲೆ ಹೇಳಿ ಅಮ್ಮ ಹೇಳ್ತಿತ್ತು. ಕಡುಬು ಅಂದ್ರೆ ಪ್ರಾಣ ಇದ್ದಿದ್ದು ನಿಂಗೆ.”

“ಹಂಗಾದ್ರೆ ಅಮ್ಮಂಗೆ ಎಂತ ಸೇರ್ತಿತ್ತು?”

ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧ ಕೇಳುತ್ತಿದ್ದರು. “ನಂಗೂ ಗೊತ್ತಿಲ್ಲೆ,” ಎಂದಳು ಅರ್ಚಿತಾ ಕೊನೆಗೆ, ಮತ್ತು ಅದು ಅಪ್ಪನದೇ ತಪ್ಪೆನ್ನುವ ಹಾಗೆ ಫೋನು ಇಟ್ಟಳು.

ಪ್ರತಿ ಬೇಸಿಗೆಗೂ ಅವನು ಹೆಂಡತಿಗೆ ಬೆವರುಸಾಲೆಯ ಪೌಡರು ತಂದುಕೊಡುತ್ತಿದ್ದ. ಅದೊಂದನ್ನು ನೆನೆದರೆ ಈಗ ಬಸ್ಸಿನೊಳಗೇ ಅವನ ಕಿವಿ ಬಿಸಿಯಾಗುತ್ತದೆ. ಹಲಸಿನಹಣ್ಣು ಒಡೆದು, ತೊಳೆ ಬಿಡಿಸಿ, ಹೆಚ್ಚಿ, ಸಿಹಿ ಸಾಕೋ ಎಂದು ನಾಲಿಗೆಗೆ ಹಚ್ಚಿ ನೋಡಿ, ಸುಮತಿ ಕಡುಬು ಬೇಯಿಸುತ್ತಿದ್ದಳು. ಅವನು ಉಂಡು ಡರ್ರನೆ ತೇಗಿ, ಸಂಜೆ ಅಂಗಡಿಯಿಂದ ಪೌಡರಿನ ಡಬ್ಬಿ ತಂದು, “ತಗ, ಹಚ್ಕ,” ಎಂದು ಅವಳ ಕೈಗಿಡುತ್ತಿದ್ದ. ಡಬ್ಬಿ ಕೊಟ್ಟ ದಿನ ತನ್ನಷ್ಟು ಹೆಂಡತಿಯ ಮೇಲೆ ನಿಗಾ ಇಟ್ಟ ಗಂಡ ಹೊನ್ನಾವರ ಪೇಟೆಯಲ್ಲೇ ಇಲ್ಲ ಎಂಬಂತೆ ಓಡಾಡುತ್ತಿದ್ದ. ಅವಳೂ ನಕ್ಕು ತೆಗೆದುಕೊಳ್ಳುತ್ತಿದ್ದಳು. ಆ ನಗು ಎಂಥದ್ದಿತ್ತು? ಕಣ್ಣು ಮುಚ್ಚಿದರೆ ಕೈ ಕಾಣುತ್ತದೆ, ಡಬ್ಬಿ ಕಾಣುತ್ತದೆ, ಮುಖ ಬರುವುದಿಲ್ಲ. ಸತ್ತ ಹನ್ನೆರಡನೇ ದಿನ, ವೈಕುಂಠ ಸಮಾರಾಧನೆಗೆ, ಹೋದವಳಿಗೆ ಇಷ್ಟವಾದದ್ದು ಏನಾದರೂ ಆಗಬೇಕಲ್ಲ ಎಂದು ಅಡುಗೆ ಭಟ್ಟರು ಕೇಳಿದಾಗಲೂ ಅವನು ಇದೇ ಗತ್ತಿನಲ್ಲಿ ಕಡುಬು ಎಂದಿದ್ದ. ಗಂಡಸರ ಪಂಕ್ತಿ ಎದ್ದು, ಕಡೆಯ ಪಂಕ್ತಿಯಲ್ಲಿ ಹೆಂಗಸರು ಕೂತಾಗ ಮನೆಯ ಯಜಮಾನನಾಗಿ ಕೈಮುಗಿದುಕೊಂಡು, “ಸಾವಕಾಶ ಆಗ್ಲಿ, ಸಾವಕಾಶ ಆಗ್ಲಿ,” ಎನ್ನುತ್ತ ಎಲೆಗಳ ನಡುವೆ ನಡೆದಿದ್ದ. ಸುಮತಿಯ ತಂಗಿ ಶರ್ಮಿಳಾ ಭಟ್ಕಳದಿಂದ ಬಂದವಳು, ಎಲೆಯ ತುದಿಗೆ ಸರಿಸಿಟ್ಟ ಕಡುಬನ್ನು ಬೆರಳಿನಿಂದ ಇನ್ನಷ್ಟು ಸರಿಸಿ, ತಲೆಯೆತ್ತಿ ಅವನನ್ನು ನೋಡಿದ್ದಳು. ಅಳುವಿನ ಕಣ್ಣು ಎಂದುಕೊಂಡು ಅವನು ಮುಂದಿನ ಎಲೆಗೆ ಹೋಗಿದ್ದ. ಈಗ ಆ ಕಣ್ಣು ಎಲ್ಲಿ ಕೂತರೂ ಎದುರಿಗೆ ಬರುತ್ತದೆ. ಬರುವ ವಾರ ವರ್ಷಾಂತಿಕ, ಅವಳ ಮೊದಲ ವರ್ಷದ ತಿಥಿ. ನಿನ್ನೆಯಷ್ಟೇ ಅಡುಗೆ ಭಟ್ಟರು ಫೋನು ಮಾಡಿ, “ಹೋದ್ಸಲದ ಹಾಂಗೇ ಕಡುಬು ಅಲ್ದಾ ರಾಮಣ್ಣ?” ಎಂದಾಗ ಗಂಟಲಿನಿಂದ ಬಂದದ್ದು “ಆತು” ಎಂಬ ಒಂದೇ ಮಾತು. ಕುತ್ತಿಗೆ ತುಂಬ ಗುಳ್ಳೆಯೆಬ್ಬಿಸುವುದನ್ನೇ ಅವಳ ಹೆಸರಿನಲ್ಲಿ ಎರಡನೆಯ ಸಲ ಬಡಿಸಲು ಒಪ್ಪಿಕೊಂಡಿದ್ದ. ಅದನ್ನು ತಪ್ಪಿಸಬೇಕಾದರೆ ಬೇರೆ ಏನನ್ನಾದರೂ ಹೇಳಬೇಕು, ಹೇಳುವುದಕ್ಕೆ ಗೊತ್ತಿರಬೇಕು.

ಗೊತ್ತಾಗುವುದಾದರೂ ಹೇಗೆ? ಸುಮತಿ ಉಣ್ಣುವುದನ್ನು ಅವನು ನೋಡಿಯೇ ಇರಲಿಲ್ಲ. ಇದು ಹೊಳೆದಾಗ, ಮೊನ್ನೆ, ಕಚೇರಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟ ದೂರು ಕೇಳುತ್ತಿದ್ದವನು ಎದುರಿನವರ ಮಾತು ನಡುವೆಯೇ ಬಿಟ್ಟು ಹೊರಗೆ ಹೋಗಿ ನಿಂತಿದ್ದ. ಅವನ ತಾಯಿ ಇದ್ದಷ್ಟು ಕಾಲ ಸೊಸೆ ಎಲ್ಲರಿಗೂ ಬಡಿಸಿ ಕಡೆಗೆ ಅಡುಗೆಮನೆಯಲ್ಲಿ ಉಣ್ಣುವುದು ಪದ್ಧತಿ. ತಾಯಿ ಹೋದ ಮೇಲೆ, ಹೊಸ ಮನೆಗೆ ಡೈನಿಂಗ್ ಟೇಬಲ್ಲು ಬಂದ ಮೇಲೂ ಪದ್ಧತಿ ಹೋಗಲಿಲ್ಲ. ಅವಳ ಕುರ್ಚಿಯ ಮೇಲೆ ಹಳೆಯ ಪೇಪರು ಕೂತಿರುತ್ತಿತ್ತು. “ನೀನೂ ಕೂತ್ಕಳಲಾಗ್ದಾ?” ಎಂದು ಅವನು ಒಮ್ಮೆ ಕೇಳಿದ್ದುಂಟು. “ನಿಮ್ಗೆ ಬಡಿಸೋರು ಯಾರು?” ಎಂದು ಅವಳು ನಕ್ಕಿದ್ದಳು. ಕೇಳಿದ್ದೆನಲ್ಲ ಎಂಬ ಸಮಾಧಾನದಲ್ಲಿ ಅವನು ಆಮೇಲಿನ ವರ್ಷಗಳನ್ನೆಲ್ಲ ಉಂಡು ಮುಗಿಸಿದ. ಕೈ ತೊಳೆಯಲು ಹಿತ್ತಿಲಿಗೆ ಹೋಗುವಾಗ ಅಡುಗೆಮನೆಯ ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಗೋಡೆಗೆ ಮುಖ ಮಾಡಿ ಕೂತ ಬೆನ್ನು, ಏಳುತ್ತ ಇಳಿಯುತ್ತ ಇದ್ದ ಬಲಮೊಣಕೈ, ಅಷ್ಟೇ. ಸತ್ತ ದಿನವೂ ಅವಳ ಪಾಲು ಒಲೆಯ ಪಕ್ಕ ತಟ್ಟೆ ಮುಚ್ಚಿ ಹಾಗೇ ಇತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಆ ತಟ್ಟೆಯನ್ನು ನೋಡಿದ್ದ, ಎತ್ತಿ ನೋಡಲಿಲ್ಲ. ಯಾರೋ ತೆಗೆದು ದನಕ್ಕೆ ಹಾಕಿದರು. ತಾನು ಮಾತ್ರ ಉಂಡಿದ್ದ. ಉಣ್ಣುತ್ತಿರುವಾಗಲೇ ಅವಳು ಹಿಂಬಾಗಿಲ ಹೊಸ್ತಿಲಲ್ಲಿ ಬಿದ್ದದ್ದು. “ಮಜ್ಜಿಗೆ,” ಎಂದು ಕೂಗಿದ್ದ, ಬರಲಿಲ್ಲ. ಇನ್ನೂ ಜೋರಾಗಿ ಕೂಗಿದ್ದ, ಎಂಥ ಕಿವುಡು ಎಂದು ಗೊಣಗಿದ್ದ, ಸಿಟ್ಟಿಗೆ ಎದ್ದು ಹೋಗದೆ ತಟ್ಟೆಯಲ್ಲಿದ್ದದ್ದನ್ನು ಸಾವಕಾಶ ಮುಗಿಸಿದ್ದ. ಬೇಗ ನೋಡಿದ್ದರೂ ಉಪಯೋಗವಿರಲಿಲ್ಲ, ಮೆದುಳಿನ ರಕ್ತನಾಳ ಒಡೆದದ್ದು ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದನ್ನು ಅವನು ಹಿಡಿದುಕೊಂಡ. ಆದರೆ ಕೂಗಿದ್ದು ತಾನೇ, ಗೊಣಗಿದ್ದೂ ತಾನೇ. ಅದಕ್ಕೆ ಯಾವ ಡಾಕ್ಟರೂ ಏನೂ ಹೇಳಲಿಲ್ಲ.

ಸುಚಿತಾಳ ಕೋಣೆಯಲ್ಲಿ ಫ್ಯಾನು ಟಕ್ ಟಕ್ ಎನ್ನುತ್ತಿತ್ತು. ಬೇರಿಂಗ್ ಹೋಗಿದೆ ಎಂದು ರಾಮನಿಗೆ ಹೇಳಬೇಕೆನಿಸಿತು. ಇಲ್ಲಿ ತನಗೆ ಗೊತ್ತಿರುವ ಸಂಗತಿ ಅದೊಂದೇ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಅವನು ಬಂದದ್ದು. ಹಲಸಿನಹಣ್ಣು, ಪೌಡರಿನ ಡಬ್ಬಿ, ಬೆನ್ನು. ಮಾತುಗಳನ್ನು ಧಾರೇಶ್ವರ ದಾಟುವಾಗಲೇ ಸಾಲಾಗಿ ಜೋಡಿಸಿಕೊಂಡಿದ್ದ.

“ಕಡುಬು ಮಾಡಿದ್ರಾ ಸರ್?”

“ಮಾಡಿದ್ದೆ,” ಎಂದ ರಾಮ.

“ಹೌದಾ! ನೀವೇ ಮಾಡಿದ್ರಾ?”

“ಹೌದು. ಎಲೆ ಕಟ್ಟೂದು ಸ್ವಲ್ಪ ಕಷ್ಟ ಆತು.”

ತನ್ನ ಬಾಯಿಯಿಂದ ಇದು ಇಷ್ಟು ನುಣ್ಣಗೆ ಹೊರಟದ್ದನ್ನು ಅವನು ಯಾರೋ ಆಡಿದ ಮಾತಿನಂತೆ ಕೇಳಿಸಿಕೊಂಡ. ಸುಚಿತಾಳ ಮುಖ ಅರಳಿತು. ತಿನ್ನುವಾಗ ಹೇಗನಿಸಿತು ಎಂದಳು. ಸುಮತಿಯೇ ಎದುರಿಗೆ ಕೂತು ತಿಂದ ಹಾಗೆ ಆಯಿತು ಎಂದ. ಎದುರಿಗೆ! ಆ ಮಾತು ಬಾಯಿಂದ ಬಿದ್ದದ್ದೇ ತಡ, ಕಣ್ಣಿನಿಂದ ನೀರು ಬಳಬಳನೆ ಇಳಿಯತೊಡಗಿತು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವನು ಇನ್ನೊಬ್ಬರ ಎದುರು ಅಳುತ್ತಿದ್ದ. ಸುಚಿತಾ ಟಿಶ್ಯೂ ಡಬ್ಬಿಯನ್ನು ಮೇಜಿನ ಮೇಲೆ ಮೆಲ್ಲಗೆ ತಳ್ಳಿ, ಮುಗಿಯುವವರೆಗೂ ಕಾದಳು. “ಅಳೂದು ಒಳ್ಳೇದು ಸರ್. ಇಷ್ಟು ದಿನ ನೀವು ಹಿಡಿದಿಟ್ಟದ್ದು ಪ್ರೀತಿ ಅದು,” ಎಂದಳು ಕೊನೆಗೆ. ಅವಳ ಕಣ್ಣೂ ತುಂಬಿತ್ತು. ಪಾಪದ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿಲ್ಲ, ಒಬ್ಬ ಮುದುಕನನ್ನು ಗುಣಪಡಿಸಿದೆ ಎಂಬ ಸಂತೋಷದಲ್ಲಿ ಇವತ್ತು ಮನೆಯಲ್ಲಿ ತಾಯಿಗೆ ಹೇಳಿಕೊಂಡಾಳು. ಅಲ್ಲ ಮಾರಾಯ್ತಿ, ಇದು ನಾಚಿಕೆ, ಬರೀ ನಾಚಿಕೆ ಎಂದು ಹೇಳಲು ಬಾಯಿ ತೆರೆದ ರಾಮ, “ಫ್ಯಾನಿನ ಬೇರಿಂಗ್ ಬದಲಿಸ್ಕಳಿ,” ಎಂದು ಎದ್ದುಬಂದ.

ಹೊನ್ನಾವರದಲ್ಲಿ ಇಳಿಯಬೇಕಾದವನು ಇಳಿಯಲಿಲ್ಲ. ಬಸ್ಸು ಭಟ್ಕಳದ್ದು, ಟಿಕೆಟ್ ಮುಂದಕ್ಕೆ ಮಾಡಿಸಿಕೊಂಡು ಕೂತೇ ಇದ್ದ. ಶರಾವತಿಯ ಸೇತುವೆ ಹಿಂದೆ ಹೋಯಿತು, ಮಂಕಿ ಹೋಯಿತು, ಬಿಸಿಲಿಗೆ ಕಾದ ಸೀಟು ತೊಡೆ ಸುಡುತ್ತಿತ್ತು. ಶರ್ಮಿಳಾಳನ್ನು ಕೇಳಬೇಕು. ಕೇಳಿದರೆ ಅವಳಿಗೆ ಗೊತ್ತಾಗುತ್ತದೆ, ಇವನಿಗೆ ಗೊತ್ತಿಲ್ಲವೆಂದು. ಅದು ಅವಳಿಗೆ ಹೋದ ವರ್ಷವೇ ಗೊತ್ತು. ಆದರೂ ಗೊತ್ತಿರುವುದು ಬೇರೆ, ಬಾಗಿಲಿಗೆ ಹೋಗಿ ಕೇಳಿಕೊಂಡು ನಿಲ್ಲುವುದು ಬೇರೆ. ಎಲ್ಲಾದರೂ ಬಸ್ಸು ಕೆಟ್ಟು ನಿಂತರೆ ಚೆನ್ನಾಗಿತ್ತು ಎಂದುಕೊಂಡ. ಹೊಸ ರಸ್ತೆಯಲ್ಲಿ ಬಸ್ಸು ಎಂದಿಗಿಂತ ಬೇಗ ಭಟ್ಕಳ ಮುಟ್ಟಿತು.

ಶರ್ಮಿಳಾಳ ಗಂಡ ಕಾಲೇಜಿಗೆ ಪಾಠ ಮಾಡಲು ಹೋಗಿದ್ದ. ಅವಳು ಒಬ್ಬಳೇ ಇದ್ದಳು, ಪಕ್ಕದ ಮನೆಯ ನವಾಯತಿ ಮುಸ್ಲಿಂ ಹೆಂಗಸಿನೊಂದಿಗೆ ಕಿಟಕಿಯಿಂದಲೇ ಜೋರಾಗಿ ಏನೋ ಹೇಳುತ್ತಿದ್ದವಳು ಅವನನ್ನು ಕಂಡು ನಿಲ್ಲಿಸಿದಳು.

“ಭಾವ! ಎಂತ ಆತು? ಅರ್ಚಿತಾ ಹುಷಾರಿದ್ದು ಅಲ್ದಾ?”

“ಎಲ್ಲ ಹುಷಾರು. ಸುಮ್ನೆ ಬಂದಿ.”

ಸುಮ್ಮನೆ ಬರುವ ಮನುಷ್ಯ ಇವನಲ್ಲವೆಂಬುದು ಅವಳಿಗೆ ಗೊತ್ತು. ಆದರೆ ಊಟದ ಹೊತ್ತಿಗೆ ಬಂದವರನ್ನು ಏನು ಎತ್ತ ಎಂದು ಕೇಳುವವಳಲ್ಲ. ಅನ್ನ ಈಗಷ್ಟೇ ಬಸಿದದ್ದು, ಕೈಕಾಲು ತೊಳೆಯಿರಿ ಎಂದು ಚೊಂಬು ಕೊಟ್ಟಳು. ಅಡುಗೆಮನೆಯಲ್ಲೇ ಮಣೆ ಹಾಕಿ, ತಟ್ಟೆಯಲ್ಲಿ ಅನ್ನ ಬಡಿಸಿದಳು. ಆವಿ ಅವನ ಕನ್ನಡಕದ ಗಾಜಿಗೆ ಹತ್ತಿ ಎದುರಿನದೆಲ್ಲ ಮಸುಕಾಯಿತು. ಕಣ್ಣು ಕಾಣದಿರುವಾಗಲೇ ಕೇಳುವುದು ಸುಲಭವೆನಿಸಿತು.

“ಶರ್ಮಿಳಾ, ನಿನ್ನ ಅಕ್ಕಂಗೆ ತಿನ್ನೂಕೆ ಎಂತ ಸೇರ್ತಿತ್ತು?”

ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು.

“ಈಗ ಎಂತಕ್ಕೆ ಭಾವ?”

“ವರ್ಷಾಂತಿಕಕ್ಕೆ ಮಾಡ್ಸೂಕೆ. ಕಡುಬು ಬ್ಯಾಡ. ಆವತ್ತು ನಿಂಗೆ ಗೊತ್ತಿತ್ತು. ಎಂತಕ್ಕೆ ಹೇಳಿದ್ದಿಲ್ಲೆ?”

“ಅಷ್ಟು ಜನರ ಎದುರಿಗಾ? ನಿಮ್ಮ ಮರ್ಯಾದೆ ಎಂತ ಆಗ್ತಿತ್ತು?”

ಅವನ ಮರ್ಯಾದೆಯನ್ನು ಅಕ್ಕತಂಗಿಯರು ಸೇರಿ ಎಷ್ಟು ವರ್ಷ ಕಾದಿದ್ದರೋ. ಕನ್ನಡಕ ತೆಗೆದು ಪಂಚೆಯ ತುದಿಗೆ ಒರೆಸಿದ, ಹಾಕಿಕೊಳ್ಳಲಿಲ್ಲ. ಶರ್ಮಿಳಾ ಒಲೆಯ ಕಟ್ಟೆಗೆ ಒರಗಿ ನಿಂತಳು.

“ಅಕ್ಕಂಗೆ ಇಂಥದ್ದೇ ಹೇಳಿ ಇತ್ತಿಲ್ಲೆ ಭಾವ. ಬಿಸಿ ಇದ್ರೆ ಆತು.”

“ಬಿಸಿ?”

“ಬಿಸಿ. ಎಂತಾದ್ರೂ ಸೈ. ಇಲ್ಲಿಗೆ ಬಂದ್ರೆ ಅನ್ನ ಬಸಿಯೂದೇ ಕಾಯ್ತಿತ್ತು. ಸಾರು ಕುದಿಯೋ ತನಕನೂ ತಡ್ಕತ್ತಿತ್ತಿಲ್ಲೆ. ಇಲ್ಲೇ, ನೀವು ಕೂತಲ್ಲೇ, ಬಿಸಿಬಿಸಿ ಅನ್ನಕ್ಕೆ ಉಪ್ಪು ತುಪ್ಪ ಹಾಕ್ಕಂಡು ಉಫ್ ಉಫ್ ಹೇಳಿ ಊದ್ಕತ್ತಾ ಉಣ್ತಿತ್ತು. ಬೆರಳು ಸುಟ್ರೆ ಕಿವಿ ಹಿಡ್ಕಳೂದು, ನೆಗ್ಯಾಡೂದು. ‘ಶರ್ಮೀ, ಬಾಯಿ ಸುಟ್ಕಳದೆ ಎಷ್ಟು ವರ್ಷ ಆಗಿತ್ತೇ’ ಹೇಳ್ತಿತ್ತು.” ಅವಳು ಅಕ್ಕನ ದನಿಯನ್ನು ಹಾಗೇ ಮಾಡಿ ತೋರಿಸಿ, ನಗಲು ಹೋಗಿ, ಸೆರಗಿನಿಂದ ಮೂಗು ಒರೆಸಿಕೊಂಡಳು. “ಬಿಸಿ ಅನ್ನವ ಭಟ್ರಿಗೆ ಎಂತ ಹೇಳಿ ಮಾಡ್ಸ್ತ್ರಿ ಭಾವ? ಬಿಡಿ. ಪಾಯಸ ಮಾಡ್ಸಿ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ತನ್ನ ಮನೆಯಲ್ಲಿ ಅನ್ನ ಬಿಸಿಯಿಲ್ಲದಿದ್ದರೆ ತಟ್ಟೆ ತಳ್ಳುತ್ತಿದ್ದವನು ತಾನು. ಅನ್ನ ಬಸಿದು, ಅವನ ಸ್ಕೂಟರಿನ ಸದ್ದಿಗೆ ಕಿವಿಗೊಟ್ಟು ಬಿಸಿಯಾಗಿಟ್ಟು, ಬಡಿಸಿ, ಮತ್ತೆ ಬಡಿಸಿ, ಅವನು ಎದ್ದ ಮೇಲೆ ಟೇಬಲ್ಲು ಒರೆಸಿ, ಸುಮತಿ ಗೋಡೆಗೆ ಮುಖ ಮಾಡಿ ಕೂರುವಾಗ ಪಾತ್ರೆಯ ತಳದಲ್ಲಿ ಏನು ಉಳಿದಿರುತ್ತಿತ್ತೋ ಅದು ಅವಳ ಪಾಲು. ಇದೊಂದು ಅರಿಯದೆ ನಡೆದ ತಪ್ಪು ಎಂದಾದರೂ ಹೇಳಿಕೊಳ್ಳಲು ಬರುತ್ತದೆಯೇ? ಅನ್ನ ಆರುತ್ತದೆ ಎಂಬುದು ಮಗುವಿಗೂ ಗೊತ್ತು. ಕಡುಬು ಗೊತ್ತಿರಲಿಲ್ಲ, ಗುಳ್ಳೆ ಗೊತ್ತಿರಲಿಲ್ಲ, ಇದು ಗೊತ್ತಿತ್ತು.

“ನೀನೂ ಉಂಡಿದ್ದಿಲ್ಲೆ ಅಲ್ದಾ,” ಎಂದ ರಾಮ, ದನಿ ತನ್ನದಲ್ಲವೆನಿಸಿತು. “ಕೂತ್ಕ. ನಾ ಬಡಿಸ್ತೆ.”

“ಎಂತ ಭಾವ! ನೀವು ಮೊದ್ಲು ಉಣ್ಣಿ, ನಂದು ಆಮೇಲೆ...”

“ಇಲ್ಲೆ, ಕೂತ್ಕ. ನೀ ಉಣ್ಣದ್ದೇ ನಾ ಮುಟ್ಟತ್ನಿಲ್ಲೆ.”

ಎದ್ದು ನಿಂತು ಸೌಟಿಗೆ ಕೈ ಹಾಕಿಯೇಬಿಟ್ಟ. ಅವಳಿಗೆ ಇದೇನು ಸಂಕಟವೆನಿಸಿರಬೇಕು, ಬೇಡ ಬೇಡ ಎನ್ನುತ್ತಲೇ ಇನ್ನೊಂದು ತಟ್ಟೆ ತಂದಳು. ಅನ್ನವನ್ನು ಅವನೇ ಬಡಿಸಿದ, ನಾಲ್ಕು ಅಗುಳು ನೆಲಕ್ಕೆ ಬಿದ್ದವು. ಉಪ್ಪು ಹಾಕಿದ, ತುಪ್ಪ ಹಾಕಿದ. ಆಮೇಲೆ ತನ್ನ ಮಣೆಯಲ್ಲಿ ಕೂತು, ಕನ್ನಡಕ ಏರಿಸಿ, ಒಬ್ಬ ಹೆಂಗಸು ಉಣ್ಣುವುದನ್ನು ನೋಡಲು ಸಿದ್ಧನಾದ. ಬಿಸಿ ಅನ್ನ ಬಾಯಿಗಿಟ್ಟಾಗ ಮುಖ ಹೇಗಾಗುತ್ತದೆ, ಅಷ್ಟು ನೋಡಿದರೆ ಸಾಕಿತ್ತು; ಅಕ್ಕತಂಗಿಯರ ಮುಖದಲ್ಲಿ ಹೋಲಿಕೆಯಿತ್ತು. ಶರ್ಮಿಳಾ ಅವನ ನೋಟಕ್ಕೆ ಮುದುಡಿದಳು. ತಟ್ಟೆ ಎತ್ತಿಕೊಂಡು, “ನೀವು ಹಂಗೆಲ್ಲ ನೋಡ್ತಾ ಕೂತ್ರೆ ನಂಗೆ ಗಂಟಲಲ್ಲಿ ಇಳಿತಿಲ್ಲೆ ಭಾವ,” ಎಂದು ತಿರುಗಿ, ಗೋಡೆಗೆ ಮುಖ ಮಾಡಿ ಕೂತಳು. ಈಗ ಅವನಿಗೆ ಕಂಡದ್ದು ಬೆನ್ನು. ಬೆವರಿನಿಂದ ಒದ್ದೆಯಾದ ರವಿಕೆ, ಏಳುತ್ತ ಇಳಿಯುತ್ತಿದ್ದ ಬಲಮೊಣಕೈ.

ಕ್ಷಣಹೊತ್ತು ನೋಡಿದ. ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿದು ಹೊರಟವನು, ಹೊಟ್ಟೆ ಹಸಿದಿತ್ತು. ಆ ಬೆನ್ನನ್ನು ನೋಡುತ್ತಿದ್ದಂತೆ ಕೈ ತನ್ನಷ್ಟಕ್ಕೆ ಇನ್ನೂ ಆರದ ಅನ್ನಕ್ಕೆ ಇಳಿದು, ಕಲೆಸಿ, ಬಾಯಿಗೆ ಎತ್ತಿತು. ನಾಲಿಗೆ ಸುಟ್ಟಿತು. ಬಿಸಿ ಗಂಟಲಿನಿಂದ ಎದೆಗಿಳಿಯುವುದು ಹಿತವಾಗಿತ್ತು, ನಾಚಿಕೆಗೂ ಹಸಿವಿಗೂ ಜಗಳವೇನಿರಲಿಲ್ಲ. ಅವನು ಉಂಡ. ಸಾರು ಹಾಕಿಕೊಂಡು ಉಂಡ. ಉಣ್ಣುವಾಗ ಸುಮತಿಯನ್ನೇ ನೆನೆಯುತ್ತಿದ್ದ, ಭಟ್ಟರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದ, ವರ್ಷಾಂತಿಕದ ದಿನ ಹೆಂಗಸರನ್ನೇ ಮೊದಲ ಪಂಕ್ತಿಗೆ ಕೂರಿಸಿ ತಾನೇ ಬಿಸಿ ಅನ್ನ ಬಡಿಸುತ್ತೇನೆ, ಯಾರು ಏನೆಂದರೂ ಸರಿ ಎಂದು ನಿಶ್ಚಯಿಸುತ್ತಿದ್ದ. ಅದನ್ನು ಮುಂದಿನ ಗುರುವಾರ ಸುಚಿತಾಳಿಗೆ ಹೇಳಿದರೆ ಅವಳ ಮುಖ ಹೇಗೆ ಅರಳೀತೆಂದೂ ಯೋಚನೆ ಬಂತು. ಹಾಗೆ ಯೋಚಿಸುತ್ತಿರುವಾಗಲೇ ತಟ್ಟೆಯಲ್ಲಿ ಕೊನೆಯ ತುತ್ತಿನ ಅನ್ನ ಉಳಿದದ್ದನ್ನು ಕೈ ಕಂಡುಕೊಂಡಿತು, ಮತ್ತು ಬಾಯಿ, ಯಾರನ್ನೂ ಕೇಳದೆ, ಕೂಗಿತು:

“ಮಜ್ಜಿಗೆ.”

ಗೋಡೆಯ ಕಡೆ ಮೊಣಕೈ ನಿಂತಿತು. ಶರ್ಮಿಳಾ ಕೂಡಲೇ ಎದ್ದಳು, “ಅಯ್ಯೋ, ತಡಿರಿ ಭಾವ, ಬಂತು,” ಎನ್ನುತ್ತ, ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು ಎಡಗೈಯಿಂದ ಮಜ್ಜಿಗೆಯ ಪಾತ್ರೆ ಎತ್ತಿದಳು. ಬೇಡ, ಕೂತ್ಕ ಎನ್ನಬೇಕೆಂದು ರಾಮ ತಲೆಯೆತ್ತಿದ. ಸುಟ್ಟ ನಾಲಿಗೆ ಮೇಲಕ್ಕೇಳಲಿಲ್ಲ. ಅವಳು ಬಗ್ಗಿ ಬಡಿಸಿದಳು, ಸಾಕಾ ಎಂದು ಕೇಳಿದಳು, ಉಪ್ಪಿನಕಾಯಿ ತರಲು ಒಳಕೋಣೆಗೆ ಹೋದಳು. ಗೋಡೆಯ ಹತ್ತಿರ ಅವಳ ತಟ್ಟೆಯಲ್ಲಿ ಅನ್ನ ಆರುತ್ತಿತ್ತು.